ನೀರು ಕುದಿಯುವ ಮುಂಚಿನ ನಾಲ್ಕು ನಿಮಿಷ

ಪ್ರಶ್ನೆ: ನನಗೆ 43 ವರ್ಷ. ಹುಬ್ಬಳ್ಳಿಯಲ್ಲಿ ಮನೆ, ಧಾರವಾಡದಲ್ಲಿ ಲೆಕ್ಕಪತ್ರ ವಿಭಾಗದ ನೌಕರಿ. ದಿನಕ್ಕೆ ಐದಾರು ಸಲ ಚಹಾ ಕುಡಿಯುತ್ತೇನೆ, ಆದರೆ ಕುಡಿದದ್ದೇ ನೆನಪಿರುವುದಿಲ್ಲ. ಕಪ್ ಖಾಲಿಯಾದ ಮೇಲೆ ‘ಅಯ್ಯೋ, ಮುಗಿದೇ ಹೋಯಿತೇ’ ಎನಿಸುತ್ತದೆ. ಚಹಾವನ್ನು ಧ್ಯಾನದಂತೆ ಕುಡಿಯುವ ಬಗ್ಗೆ ಮೊಬೈಲಿನಲ್ಲಿ ವಿಡಿಯೊ ನೋಡಿ ಪಿಂಗಾಣಿ ಕೆಟಲ್, ಪುಟ್ಟ ಬಟ್ಟಲು, ಹಸಿರು ಚಹಾ ತರಿಸಿದೆ. ನಾಲ್ಕು ದಿನ ಕಣ್ಣು ಮುಚ್ಚಿ ಕುಳಿತೆ. ಚಹಾ ಬರೀ ಕಹಿ, ಮನಸ್ಸು ಪೂರ್ತಿ ಕಚೇರಿಯಲ್ಲಿ. ‘ಚಹಾ ಕುಡಿಯುವುದನ್ನೂ ಯಾರಾದರೂ ಕಲಿಯುತ್ತಾರೆಯೇ’ ಎಂದು ಅತ್ತೆಯವರು ನಗುತ್ತಾರೆ. ಹಾಲು, ಸಕ್ಕರೆ ಬಿಡಲೇಬೇಕೆ? ಪ್ರತ್ಯೇಕ ಕೋಣೆಯಿಲ್ಲದ ಮನೆಯಲ್ಲಿ ಇದನ್ನು ಹೇಗೆ ಆರಂಭಿಸಲಿ?

ಉತ್ತರ: ಆ ಕೆಟಲ್ಲನ್ನೂ ಹಸಿರು ಚಹಾ ಪೊಟ್ಟಣವನ್ನೂ ಸದ್ಯಕ್ಕೆ ಕಪಾಟಿನ ಮೇಲಿನ ಅರೆಗೆ ಏರಿಸಿಬಿಡಿ. ಪೊಟ್ಟಣದ ಬಾಯಿ ಬಿಗಿಯಾಗಿ ಕಟ್ಟಿದ್ದರೆ ಸಾಕು, ಒಂದು ತಿಂಗಳ ನಂತರ ಅದರ ಸರದಿ ಬರುತ್ತದೆ. ಈಗ ಬೇಕಾಗಿರುವುದು ನೀವು ದಿನವೂ ಚಹಾ ಕುದಿಸುವ ಬೋಗುಣಿ, ದಿನವೂ ಬಳಸುವ ಪುಡಿ, ಹಾಲು, ಸಕ್ಕರೆ. ನಿಮ್ಮ ನಾಲಗೆಗೆ ಇಷ್ಟವಾದ ಚಹಾವನ್ನೇ ಇಟ್ಟುಕೊಳ್ಳಿ. ಮನಸ್ಸು ಒಂದು ಕಡೆ ನಿಲ್ಲಬೇಕಾದರೆ ಅಲ್ಲಿ ಅದಕ್ಕೆ ಏನಾದರೂ ರುಚಿಸಬೇಕು. ಕಹಿಯನ್ನು ಸಹಿಸುತ್ತ ಕುಳಿತವರ ಗಮನವೆಲ್ಲ ಸಹಿಸುವುದರಲ್ಲಿಯೇ ಖರ್ಚಾಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಒಂದಿದೆ: ‘ಕುಡಿದದ್ದೇ ನೆನಪಿರುವುದಿಲ್ಲ.’ ಇಪ್ಪತ್ತು ವರ್ಷಗಳಿಂದ ಧಾರವಾಡದಲ್ಲಿ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. ಬರುವವರಲ್ಲಿ ಬಹಳಷ್ಟು ಜನ ಬೇರೆ ಬೇರೆ ಮಾತುಗಳಲ್ಲಿ ಇದನ್ನೇ ಹೇಳುತ್ತಾರೆ. ಊಟ ಮಾಡಿದ್ದು ನೆನಪಿಲ್ಲ, ಗಾಡಿ ಓಡಿಸಿಕೊಂಡು ಬಂದ ದಾರಿ ನೆನಪಿಲ್ಲ, ಮಗ ಬೆಳಿಗ್ಗೆ ಏನು ಹೇಳಿ ಹೋದ ಎಂಬುದು ನೆನಪಿಲ್ಲ. ನೀವು ಅದನ್ನು ಚಹಾದಲ್ಲಿ ಗುರುತಿಸಿದ್ದೀರಿ. ದಿನಕ್ಕೆ ಆರು ಸಲ ತಾನಾಗಿಯೇ ಎದುರಿಗೆ ಬಂದು ನಿಲ್ಲುವ ವಸ್ತುವಿನಲ್ಲಿ ಗುರುತಿಸಿದ್ದು ಒಳ್ಳೆಯದೇ ಆಯಿತು, ಅಭ್ಯಾಸಕ್ಕೆ ಇದಕ್ಕಿಂತ ಅನುಕೂಲವಾದದ್ದು ಸಿಗುವುದಿಲ್ಲ.

ನಿಮ್ಮ ಪ್ರಯತ್ನ ಎಡವಿದ್ದು ಎಲ್ಲಿ ಎಂದು ಹೇಳುತ್ತೇನೆ. ನೀವು ಕಪ್ ಕೈಗೆ ಬಂದ ಮೇಲೆ ಆರಂಭಿಸಿದಿರಿ. ಅಷ್ಟರಲ್ಲಿ ತಡವಾಗಿರುತ್ತದೆ. ಒಲೆಯ ಮೇಲೆ ನೀರಿಟ್ಟು ಮೊಬೈಲ್ ನೋಡಿ, ಹಾಲು ಹಾಕಿ ನಾಳಿನ ಡಬ್ಬಿಯ ಚಪಾತಿಗೆ ಹಿಟ್ಟು ಕಲೆಸಿ, ಸೋಸುವ ಹೊತ್ತಿಗೆ ಕಚೇರಿಯ ಯಾವುದೋ ಸಂದೇಶ ಓದಿ, ಆಮೇಲೆ ಕುಳಿತು ‘ಈಗ ಶಾಂತವಾಗು’ ಎಂದರೆ ಮನಸ್ಸು ಎಲ್ಲಿಂದ ಶಾಂತವಾಗಬೇಕು? ಆದ್ದರಿಂದ ನನ್ನ ಸಲಹೆ ಇಷ್ಟೇ: ಅಭ್ಯಾಸವನ್ನು ಒಲೆಯ ಮುಂದೆ ನಿಂತು ಶುರು ಮಾಡಿ. ಕುಡಿಯುವುದು ಅದರ ಕೊನೆಯ ಭಾಗ.

ದಿನಕ್ಕೆ ಒಂದೇ ಕಪ್ ಇದಕ್ಕಾಗಿ ಮೀಸಲಿಡಿ. ಉಳಿದವನ್ನು ಹೇಗೆ ಕುಡಿಯುತ್ತಿದ್ದೀರೋ ಹಾಗೆಯೇ ಕುಡಿಯಿರಿ. ಆರೂ ಕಪ್ ಧ್ಯಾನವಾಗಬೇಕು ಎಂದು ಹೊರಟವರು ಮೂರನೆಯ ದಿನಕ್ಕೆ ಕೈಬಿಡುತ್ತಾರೆ.

ಬೋಗುಣಿಗೆ ಒಂದು ಕಪ್ ನೀರು ಅಳೆದು ಹಾಕಿ. ನಲ್ಲಿಯ ಕೆಳಗೆ ಹಿಡಿದು ಅಂದಾಜಿನಲ್ಲಿ ತುಂಬಬೇಡಿ. ಕುಡಿಯುವ ಕಪ್ಪಿನಿಂದಲೇ ಅಳೆಯಿರಿ. ಅಳೆಯುವಾಗ ಕಣ್ಣು ಅಲ್ಲಿಯೇ ಇರಬೇಕಾಗುತ್ತದೆ. ಉರಿ ಮಧ್ಯಮಕ್ಕೆ ಇಟ್ಟು ಎರಡು ಪಾದಗಳ ಮೇಲೂ ಸಮನಾಗಿ ಭಾರ ಬಿಟ್ಟು ನಿಲ್ಲಿ. ಮೊದಲ ಒಂದು ನಿಮಿಷ ಏನೂ ನಡೆಯುವುದಿಲ್ಲ. ಕೈ ಏನನ್ನಾದರೂ ಹುಡುಕುವುದು ಆಗಲೇ. ಕಟ್ಟೆ ಒರೆಸೋಣ, ಡಬ್ಬಿ ಮುಚ್ಚೋಣ, ಮೊಬೈಲ್ ಎಲ್ಲಿದೆ ನೋಡೋಣ ಎನ್ನುತ್ತದೆ. ಆ ತವಕವನ್ನು ಸುಮ್ಮನೆ ಗಮನಿಸಿ. ಕಟ್ಟೆ ಇನ್ನೈದು ನಿಮಿಷ ಹಾಗೆಯೇ ಇದ್ದರೆ ನಷ್ಟವಿಲ್ಲ.

ಆಮೇಲೆ ಬೋಗುಣಿಯ ತಳದಲ್ಲಿ ಸಾಸಿವೆಕಾಳಿನಂಥ ಗುಳ್ಳೆಗಳು ಮೂಡುತ್ತವೆ, ನೀರು ಸುಂಯ್ ಎನ್ನತೊಡಗುತ್ತದೆ. ಬಿಸಿಯಾದ ತಳದಿಂದ ಎದ್ದ ಆವಿಯ ಗುಳ್ಳೆ ಮೇಲಿನ ಇನ್ನೂ ತಣ್ಣಗಿರುವ ನೀರಿಗೆ ತಾಗಿ ಒಡೆಯುವ ಸದ್ದು ಅದು. ನೀರೆಲ್ಲ ಕಾದ ಮೇಲೆ ಗುಳ್ಳೆಗಳು ಒಡೆಯದೆ ಮೇಲಿನವರೆಗೂ ಬರುತ್ತವೆ. ಆಗ ಸುಂಯ್‌ಗುಟ್ಟುವಿಕೆ ಒಮ್ಮೆಲೇ ತಗ್ಗಿ ದಪ್ಪನೆಯ ಗುಳುಗುಳು ಸದ್ದಾಗುತ್ತದೆ. ಸದ್ದು ಬದಲಾಗುವ ಆ ಗಳಿಗೆಯನ್ನು ಕಿವಿಯಿಂದ ಹಿಡಿಯುವುದೇ ನಿಮ್ಮ ಮೊದಲ ವಾರದ ಅಭ್ಯಾಸ. ಜಪಾನಿನ ಚಹಾ ಗುರುಗಳು ಕೆಟಲ್ಲಿನ ಈ ಸದ್ದಿಗೆ ‘ಪೈನ್ ಮರಗಳ ನಡುವಿನ ಗಾಳಿ’ ಎಂದು ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಪೈನ್ ಮರಗಳಿಲ್ಲ. ನನಗೆ ಅದು ಆಷಾಢದಲ್ಲಿ ಧಾರವಾಡದ ಹೆಂಚಿನ ಮೇಲೆ ಬಿಡದೆ ಬೀಳುವ ಜಿಟಿಜಿಟಿ ಮಳೆಯಂತೆ ಕೇಳಿಸುತ್ತದೆ. ನಿಮಗೆ ಏನಾಗಿ ಕೇಳಿಸುತ್ತದೆ ಎಂಬುದನ್ನು ನೀವೇ ಕಂಡುಕೊಳ್ಳಿ.

ನೀರು ಕುದಿದ ಮೇಲೆ ಒಂದು ಸಣ್ಣ ಚಮಚ ಪುಡಿ. ನಾವು ಬಳಸುವ ಕಾಳುಕಾಳಾದ ಪುಡಿ ಸಿಟಿಸಿ ಯಂತ್ರದ್ದು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂದ ಈ ಯಂತ್ರ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿಸುತ್ತದೆ. ಅದಕ್ಕೇ ಬಣ್ಣ ಅಷ್ಟು ಬೇಗ ಬಿಡುತ್ತದೆ. ಉರಿ ಸಣ್ಣದು ಮಾಡಿ ಒಂದು ಸಲ ಬಗ್ಗಿ ನೋಡಿ: ಕಾಳು ಬಿದ್ದಲ್ಲಿಂದ ಕೆಂಪು ಎಳೆಗಳು ಕೆಳಗಿಳಿಯುತ್ತವೆ, ಅರೆ ಗಳಿಗೆಯಲ್ಲಿ ಎಲ್ಲ ಬೆರೆತು ಒಂದೇ ಬಣ್ಣವಾಗುತ್ತದೆ. ದಿನಕ್ಕೆ ಆರು ಸಲ ಕಣ್ಣೆದುರೇ ನಡೆಯುವ ಇದನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ? ಹಾಕುವುದಾದರೆ ಏಲಕ್ಕಿಯನ್ನು ಆಗಲೇ ಸಿಪ್ಪೆ ಬಿಡಿಸಿ ಜಜ್ಜಿ, ಮೊದಲೇ ಪುಡಿ ಮಾಡಿಟ್ಟದ್ದು ಬೇಡ. ಏಲಕ್ಕಿಯಿಂದ ಹಾರ ಕಟ್ಟುವ ಹಾವೇರಿ ಇಷ್ಟು ಹತ್ತಿರವಿದ್ದೂ ನಾವು ಅದರ ಪರಿಮಳವನ್ನು ಮೂಸಿ ನೋಡದೆ ಬೋಗುಣಿಗೆ ಎಸೆಯುತ್ತೇವೆ. ಎರಡು ಮೂರು ನಿಮಿಷದ ಮೇಲೆ ಹಾಲು. ಹಾಲು ಉಕ್ಕುವಾಗ ಅದನ್ನು ಬಿಟ್ಟು ಬೇರೇನನ್ನೂ ಯೋಚಿಸಲು ಸಾಧ್ಯವಿಲ್ಲ ಎಂಬುದನ್ನು ಗಮನಿಸಿದ್ದೀರಾ? ಎದ್ದು ಬರುವ ನೊರೆಯ ಮೇಲೆ ಕಣ್ಣು, ಗ್ಯಾಸಿನ ಗುಬ್ಬಿಯ ಮೇಲೆ ಬೆರಳು, ಉಸಿರು ಕೂಡ ಅರೆಕ್ಷಣ ನಿಂತಿರುತ್ತದೆ. ನೀವು ವಿಡಿಯೊಗಳಲ್ಲಿ ಹುಡುಕುತ್ತಿದ್ದ ಏಕಾಗ್ರತೆ ಅದೇ. ಅದು ನಿಮಗೆ ಹೊಸದೇನೂ ಅಲ್ಲ. ಆ ಎಚ್ಚರವನ್ನು ಉಕ್ಕುವ ಮುಂಚಿನ ನಾಲ್ಕು ನಿಮಿಷಕ್ಕೂ ಹಿಂದಕ್ಕೆ ಎಳೆಯುವುದಷ್ಟೇ ನಿಮ್ಮ ಕೆಲಸ.

ನೀರಿನ ಬಗ್ಗೆ ಒಂದು ಮಾತು. ಬೋರ್‌ವೆಲ್ ನೀರಿನಲ್ಲಿ ಹಾಲಿಲ್ಲದ ಚಹಾ ಮಾಡಿದರೆ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ, ಕಪ್ಪಿನ ಅಂಚಿಗೆ ಕಂದು ಗೆರೆ ಅಂಟುತ್ತದೆ. ನೀರಿನ ಗಡಸುತನದಿಂದ, ಅಂದರೆ ಸುಣ್ಣದ ಅಂಶದಿಂದ ಹಾಗಾಗುತ್ತದೆ. ಗದಗಿನ ನನ್ನ ತವರುಮನೆಯಲ್ಲಿ ಇದು ದಿನನಿತ್ಯದ ನೋಟವಾಗಿತ್ತು, ಪುಡಿಯೇ ಕಲಬೆರಕೆ ಎಂದು ಬಹಳ ವರ್ಷ ಅಂಗಡಿಯವನನ್ನು ಬೈದೆವು. ನಿಮಗೆ ಮಲಪ್ರಭೆಯ ನೀರು ಬರುತ್ತಿದ್ದರೆ ಚಹಾಕ್ಕೆ ಅದನ್ನೇ ಬಳಸಿ. ಗಡಸು ನೀರಲ್ಲದೆ ಬೇರೆ ಇಲ್ಲದಿದ್ದರೆ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಸಾಕು.

ಇನ್ನು ಕುಡಿಯುವುದು. ಇಲ್ಲಿ ನಮ್ಮ ಕಡೆಯವರಿಗೆ ಒಂದು ದೊಡ್ಡ ಅನುಕೂಲವಿದೆ, ಅದು ಬಸಿ, ಅಂದರೆ ಕಪ್ಪಿನ ಕೆಳಗಿಡುವ ಸಾಸರ್.

ನನ್ನ ಅಜ್ಜ ಬೆಟಗೇರಿಯಲ್ಲಿ ಮಗ್ಗ ನೇಯುತ್ತಿದ್ದರು. ನಾಲ್ಕು ಗಂಟೆಗೆ ಅಜ್ಜಿ ಕಪ್-ಬಸಿ ತಂದಿಟ್ಟರೆ ಮಗ್ಗ ನಿಲ್ಲುತ್ತಿತ್ತು. ಇಡೀ ಮನೆಗೆ ಒಮ್ಮೆಲೇ ಕಿವುಡು ಹಿಡಿದಂತೆ ಆಗುತ್ತಿತ್ತು. ಅಜ್ಜ ಧೋತರದ ಅಂಚಿಗೆ ಕೈ ಒರೆಸಿಕೊಂಡು ಕಪ್ಪನ್ನು ಬಾಗಿಸಿ ಬಸಿಗೆ ಚಹಾ ಸುರಿಯುತ್ತಿದ್ದರು. ಅಂಚಿಗೆ ಒಂದು ಬೆರಳಿನಷ್ಟು ಜಾಗ ಬಿಟ್ಟು, ಒಂದು ಹನಿಯನ್ನೂ ಚೆಲ್ಲದೆ. ಬಸಿಯನ್ನು ಐದೂ ಬೆರಳುಗಳ ತುದಿಯ ಮೇಲೆ ಎತ್ತಿ ಹಿಡಿದು ಎರಡು ಸಲ ಊದುತ್ತಿದ್ದರು. ಚಹಾದ ಮೈಮೇಲೆ ಸಣ್ಣ ಅಲೆಗಳು ಎದ್ದು ಆಚೆಯ ಅಂಚಿಗೆ ಹೋಗಿ ಮಲಗುವುದನ್ನು ನಾನು ಅವರ ಮೊಣಕಾಲಿನ ಪಕ್ಕ ಕುಳಿತು ನೋಡುತ್ತಿದ್ದೆ. ಸುರ್ ಎಂದು ಒಂದು ಗುಟುಕು. ಎರಡು ಬಸಿ ಮುಗಿಯುವವರೆಗೆ ಅವರು ಮಾತನಾಡುತ್ತಿರಲಿಲ್ಲ, ನಾವೂ ಮಾತನಾಡಿಸುತ್ತಿರಲಿಲ್ಲ. ಧ್ಯಾನ ಎಂಬ ಮಾತನ್ನು ಅಜ್ಜ ಒಮ್ಮೆಯೂ ಆಡಿದ್ದು ನನಗೆ ನೆನಪಿಲ್ಲ.

ಬಸಿಯಲ್ಲಿ ಕುಡಿಯುವುದು ಹಳ್ಳಿಗರ ರೂಢಿ ಎಂದು ಈಗ ಕಚೇರಿಗಳಲ್ಲಿ ಬಿಟ್ಟಿದ್ದೇವೆ. ನನಗೆ ಅದರ ಬಗ್ಗೆ ನಿಜಕ್ಕೂ ವ್ಯಥೆಯಿದೆ. ತುಂಬಿದ ಬಸಿಯನ್ನು ಹಿಡಿದ ಕೈಯಿಂದ ಮೊಬೈಲ್ ಒತ್ತಲಾಗುವುದಿಲ್ಲ, ನಡೆಯಲಾಗುವುದಿಲ್ಲ, ಬೇರೆ ಕಡೆ ನೋಡಿದರೆ ಚೆಲ್ಲುತ್ತದೆ. ಅದು ತಾನಾಗಿಯೇ ಗಮನ ಕೇಳುವ ಪಾತ್ರೆ. ಜೊತೆಗೆ ಅಗಲವಾದ ಬಸಿಯಲ್ಲಿ ಚಹಾದ ಹೆಚ್ಚು ಭಾಗ ಗಾಳಿಗೆ ತೆರೆದುಕೊಳ್ಳುವುದರಿಂದ ಬೇಗ ಆರುತ್ತದೆ. ಆರಿಸಿ ಕುಡಿಯುವುದಕ್ಕೆ ಗಟ್ಟಿ ಕಾರಣವೂ ಇದೆ: 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳನ್ನು ಅನ್ನನಾಳದ ಕ್ಯಾನ್ಸರಿಗೆ ‘ಬಹುಶಃ ಕಾರಣವಾಗಬಲ್ಲವು’ ಎಂಬ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2016ರಲ್ಲಿ ಸೇರಿಸಿದೆ. ತಪ್ಪು ಚಹಾದ್ದಲ್ಲ, ಸುಡುವ ಬಿಸಿಯದು. ಒಂದು ಕಪ್ ಸುಮಾರು ಎರಡು ಬಸಿಯಾಗುತ್ತದೆ, ನಿಮ್ಮ ಅಭ್ಯಾಸಕ್ಕೂ ಅದೇ ಅಳತೆ ಇರಲಿ. ಮೊದಲ ಬಸಿಯಲ್ಲಿ ಬಿಸಿಯನ್ನೂ ರುಚಿಯನ್ನೂ ಗಮನಿಸಿ: ಸಿಹಿ ಮೊದಲು ಎಲ್ಲಿ ತಿಳಿಯುತ್ತದೆ, ಒಗರು ಯಾವಾಗ ಬರುತ್ತದೆ, ನುಂಗಿದ ಮೇಲೆ ಬಾಯಲ್ಲಿ ಏನು ಉಳಿಯುತ್ತದೆ. ಎರಡನೆಯ ಬಸಿಗೆ ಯಾವ ನಿಯಮವೂ ಬೇಡ, ಸುಮ್ಮನೆ ಕುಡಿಯಿರಿ.

ಕಣ್ಣು ಮುಚ್ಚುವ ಅಗತ್ಯವಿಲ್ಲ. ಮುಚ್ಚಿದರೆ ಕಚೇರಿ ಇನ್ನೂ ಸ್ಪಷ್ಟವಾಗಿ ಕಾಣಿಸುತ್ತದೆ, ನಿಮಗೂ ಅದೇ ಆದದ್ದು. ಮನಸ್ಸು ಹೊರಗೆ ಹೋಯಿತು ಎಂದು ಬೇಸರ ಪಡಬೇಡಿ. ನೀವು ಇರುವುದು ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ ಹಾಡಿದ ಊರುಗಳಲ್ಲಿ. ಗವಾಯಿ ಆಲಾಪದಲ್ಲಿ ಎಷ್ಟು ದೂರ ಹೋದರೂ ತಂಬೂರಿಯ ಷಡ್ಜ ಹಿಂದೆ ಮಿಡಿಯುತ್ತಲೇ ಇರುತ್ತದೆ, ಅವರು ತಿರುಗಿ ಅಲ್ಲಿಗೇ ಬಂದು ನಿಲ್ಲುತ್ತಾರೆ. ಹಾಗೆ ಬಂದು ನಿಂತಾಗ ಸಭೆ ‘ಆಹಾ’ ಎನ್ನುತ್ತದೆ, ದೂರ ಹೋದದ್ದಕ್ಕೆ ಯಾರೂ ಬೈಯುವುದಿಲ್ಲ. ನಿಮ್ಮ ಷಡ್ಜ ಬೆರಳಿಗೆ ತಾಗುತ್ತಿರುವ ಬಸಿಯ ಬಿಸಿ. ಆಡಿಟ್ ನೆನಪಾಯಿತೇ, ಆಗಲಿ. ನೆನಪಾಗಿದೆ ಎಂದು ತಿಳಿದ ಕೂಡಲೇ ಬೆರಳಿನ ಬಿಸಿಗೆ ಮರಳಿ. ಐದು ನಿಮಿಷದಲ್ಲಿ ಇಪ್ಪತ್ತು ಸಲ ಮರಳಬೇಕಾದರೂ ಆ ದಿನದ ಅಭ್ಯಾಸ ಚೆನ್ನಾಗಿಯೇ ಆಗಿದೆ ಎಂದು ತಿಳಿಯಿರಿ.

ಅತ್ತೆಯವರ ಪ್ರಶ್ನೆಗೂ ಉತ್ತರ ಹೇಳಬೇಕಲ್ಲ. ಚಹಾ ಕುಡಿಯುವುದನ್ನು ಕಲಿತವರು ಇದ್ದಾರೆ, ಅದೂ ನಮ್ಮದೇ ಒಂದು ಮಾತಿನ ನೆರಳಿನಲ್ಲಿ. ‘ಧ್ಯಾನ’ ಚೀನಾಕ್ಕೆ ಹೋಗಿ ‘ಚಾನ್’ ಆಯಿತು, ಜಪಾನಿನಲ್ಲಿ ‘ಝೆನ್’ ಆಯಿತು. ರಾತ್ರಿಯ ಧ್ಯಾನದಲ್ಲಿ ತೂಕಡಿಕೆ ಬಾರದಿರಲೆಂದು ಆ ಭಿಕ್ಷುಗಳು ಚಹಾ ಕುಡಿಯುತ್ತಿದ್ದರು. 1191ರಲ್ಲಿ ಚೀನಾದಿಂದ ಮರಳಿದ ಐಸಾಯ್ ಎಂಬ ಭಿಕ್ಷು ಚಹಾ ಬೀಜಗಳನ್ನು ಜಪಾನಿಗೆ ತಂದರೆಂದು ಅಲ್ಲಿನವರು ಸ್ಮರಿಸುತ್ತಾರೆ. ಹದಿನಾರನೆಯ ಶತಮಾನದ ಸೆನ್ ನೊ ರಿಕ್ಯು ಚಹಾವನ್ನು ಅರಮನೆಯ ಆಡಂಬರದಿಂದ ಬಿಡಿಸಿ, ಎರಡು ಚಾಪೆ ಹಾಸುವಷ್ಟೇ ಜಾಗದ ಗುಡಿಸಿಲಿಗೆ ತಂದರು. ಬೆಲೆಬಾಳುವ ಚೀನಾ ಪಾತ್ರೆಗಳ ಬದಲು ಸಾದಾ ಮಣ್ಣಿನ ಬಟ್ಟಲು ಹಿಡಿದರು. ಅವರ ದಾರಿಯ ತಿರುಳು ಇರುವುದು ಆ ಸರಳತೆಯಲ್ಲಿ. ಅದನ್ನು ಕಲಿಯಲು ನೀವು ಜಪಾನಿನ ಕೆಟಲ್ ಕೊಳ್ಳಬೇಕಾಗಿರಲಿಲ್ಲ. ಅಮೆರಿಕದಲ್ಲಿ 1979ರಲ್ಲಿ ಜಾನ್ ಕಬಾಟ್‌ಝಿನ್ ಆಸ್ಪತ್ರೆಯ ರೋಗಿಗಳಿಗಾಗಿ ಗಮನಾಭ್ಯಾಸದ ತರಗತಿ ಆರಂಭಿಸಿದರು. ಆ ತರಗತಿಗಳಲ್ಲಿ ಮೊದಲಿಗೆ ಮಾಡಿಸುವುದು ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ತಿನ್ನುವುದನ್ನು. ದ್ರಾಕ್ಷಿಯಲ್ಲಿ ಆಗುವುದು ಚಹಾದಲ್ಲೂ ಆಗುತ್ತದೆ.

ಪ್ರತ್ಯೇಕ ಕೋಣೆ ಬೇಡ. ಅಡುಗೆಮನೆಯ ಮೂಲೆಯಲ್ಲಿ ಒಂದು ಮಣೆ, ಅಥವಾ ಹಿತ್ತಲ ಬಾಗಿಲ ಹೊಸ್ತಿಲ ಬಳಿ ನವಲಗುಂದದ ಜಮಖಾನೆಯ ತುಂಡು ಇದ್ದರೆ ಸಾಕು. ದಿನವೂ ಅದೇ ಜಾಗವಾಗಿರಲಿ. ಮನೆಯ ಸದ್ದು ನಿಲ್ಲಬೇಕೆಂದು ಕಾಯಬೇಡಿ, ಕುಕ್ಕರಿನ ಸೀಟಿಯೂ ಕೇಳಿಸಲಿ. ಮೊಬೈಲ್ ಮಾತ್ರ ಇನ್ನೊಂದು ಕೋಣೆಯಲ್ಲಿರಲಿ. ಪಕ್ಕದಲ್ಲಿ ಬೋರಲು ಹಾಕಿಟ್ಟರೆ ಸಾಲದು, ಅದು ಮತ್ತೆ ಕೈ ಕರೆಯುತ್ತದೆ. ಯಾವ ಹೊತ್ತು ಎಂದರೆ, ನೀವು ಚಿಗರಿ ಬಸ್ಸಿನಲ್ಲಿ ಮನೆ ಮುಟ್ಟುವುದು ಸಂಜೆ ಏಳರ ಸುಮಾರಿಗೆ ಆದರೆ ಆ ಕಪ್ ಬೇಡ, ಬೆಳಗಿನದನ್ನೇ ಆರಿಸಿಕೊಳ್ಳಿ. ಚಹಾದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯಾದರೂ ಮೈಯಲ್ಲಿ ಉಳಿದಿರುತ್ತದೆ. ಇರುಳಿನ ನಿದ್ದೆ ಕೆಟ್ಟರೆ ಬೆಳಗಿನ ಗಮನವೂ ಕೆಡುತ್ತದೆ. ಸಂಜೆಯೇ ಬೇಕು ಎನಿಸಿದರೆ ಪುಡಿಯಿಲ್ಲದೆ ಶುಂಠಿ, ಮಜ್ಜಿಗೆ ಹುಲ್ಲು ಹಾಕಿದ ಕಷಾಯ ಮಾಡಿಕೊಳ್ಳಿ. ಕುದಿಯುವ ಸದ್ದು ಅದರಲ್ಲೂ ಅದೇ.

ಹಾಲು ಬಿಡಬೇಕಾಗಿಲ್ಲ. ಸಕ್ಕರೆಯ ಲೆಕ್ಕವನ್ನು ಮಾತ್ರ ನೋಡಿ, ನೀವು ಲೆಕ್ಕಪತ್ರದವರು. ಕಪ್ಪಿಗೆ ಎರಡು ಚಮಚ ಎಂದರೆ ಸುಮಾರು 10 ಗ್ರಾಂ, ಆರು ಕಪ್ಪಿಗೆ 60. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸುಮಾರು 50 ಗ್ರಾಂ, 25ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಕೆಫೀನಿನ ವಿಷಯದಲ್ಲಿ ಆರು ಸಣ್ಣ ಕಪ್ ದೊಡ್ಡ ಅಪಾಯವಲ್ಲ: ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ನಿಮ್ಮ ಒಂದು ಕಪ್ಪಿನಲ್ಲಿ ಇರುವುದು 30ರಿಂದ 50 ಮಿಲಿಗ್ರಾಂ. ಆದರೂ ಈ ಅಭ್ಯಾಸ ಹಿಡಿದವರಲ್ಲಿ ಉಳಿದ ಕಪ್‌ಗಳು ತಾವಾಗಿಯೇ ಕಡಿಮೆಯಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕಡಿಮೆ ಮಾಡುವುದಾದರೆ ನಾಲ್ಕೈದು ದಿನಕ್ಕೆ ಒಂದು ಕಪ್‌ನಂತೆ ಮಾಡಿ. ಒಮ್ಮೆಲೇ ನಿಲ್ಲಿಸಿದರೆ ಮರುದಿನವೇ ತಲೆನೋವು ಬರಬಹುದು.

ಊಟದ ಜೊತೆಗೆ, ಊಟ ಮುಗಿದ ಕೂಡಲೇ ಮಾತ್ರ ಚಹಾ ಬೇಡ. ಇದನ್ನು ನಾನು ಎಲ್ಲ ಹೆಣ್ಣುಮಕ್ಕಳಿಗೂ ಒತ್ತಿ ಹೇಳುತ್ತೇನೆ. ಮೆಂತೆಸೊಪ್ಪು, ಕಾಳು, ರೊಟ್ಟಿಯಲ್ಲಿರುವ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳದಂತೆ ಚಹಾದ ಒಗರು ಅಂಶ ತಡೆಯುತ್ತದೆ. ಒಂದು ಗಂಟೆಯ ಅಂತರ ಇರಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುವವರಾಗಿದ್ದರೆ ಆಮೇಲೆಯೂ ಅರ್ಧದಿಂದ ಒಂದು ಗಂಟೆ ಕಾಯಿರಿ.

ಒಂದು ಎಚ್ಚರಿಕೆ ಹೇಳಲೇಬೇಕು. ಸುಮ್ಮನೆ ನಿಂತಾಗ, ಕುಳಿತಾಗ ಎದೆ ಹೊಡೆದುಕೊಳ್ಳುವುದು, ಕಾರಣವಿಲ್ಲದೆ ಅಳು ಬರುವುದು, ಹಳೆಯ ಕಹಿ ಘಟನೆಗಳು ನುಗ್ಗಿ ಬರುವುದು ಆದರೆ ಅಭ್ಯಾಸ ನಿಲ್ಲಿಸಿ. ಚಹಾದ ಕೆಫೀನ್ ಕೆಲವರಲ್ಲಿ ಗಾಬರಿಯನ್ನು ಹೆಚ್ಚಿಸುತ್ತದೆ. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಬಸಿ ಚಹಾದಿಂದ ಅದು ಸರಿಹೋಗುವುದಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮ್ಮ ಕಚೇರಿಯ ಊರಿನಲ್ಲೇ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ತಿಂಗಳಾದ ಮೇಲೆ ಮೇಲಿನ ಅರೆಯ ಕೆಟಲ್ ಇಳಿಸಿ. ಹಸಿರು ಚಹಾ ಕಹಿಯಾದದ್ದು ಬಹುಶಃ ಕುದಿಯುವ ನೀರನ್ನೇ ಸುರಿದದ್ದರಿಂದ. ಕುದಿಸಿ ಇಳಿಸಿದ ನೀರು ಐದಾರು ನಿಮಿಷ ಆರಿ 75ರಿಂದ 80 ಡಿಗ್ರಿಗೆ ಬರಲಿ, ಸಣ್ಣ ಚಮಚ ಎಲೆ, ಎರಡು ನಿಮಿಷ ಸಾಕು. ಹಿಡಿಸಿದರೆ ಕುಡಿಯಿರಿ, ಹಿಡಿಸದಿದ್ದರೆ ಯಾರಿಗಾದರೂ ಕೊಟ್ಟುಬಿಡಿ.

ಅತ್ತೆಯವರಿಗೆ ಇದನ್ನು ವಿವರಿಸಲು ಹೋಗಬೇಡಿ. ಬೋಗುಣಿಗೆ ಎರಡು ಕಪ್ ನೀರು ಅಳೆಯಿರಿ, ಬಸಿಗೆ ಸುರಿದು ಮೊದಲು ಅವರ ಮುಂದೆ ಇಡಿ, ಪಕ್ಕದಲ್ಲಿ ಕುಳಿತು ನಿಮ್ಮದನ್ನು ಕುಡಿಯಿರಿ. ಬಸಿ ಹಿಡಿಯುವುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಬೆರಳುಗಳನ್ನು ಹೇಗೆ ಇಡುತ್ತಾರೆ ಎಂದು ನೋಡಿ ಕಲಿಯಿರಿ. ಮುಗಿದ ಮೇಲೆ ಬೋಗುಣಿ, ಜರಡಿ, ಕಪ್-ಬಸಿಯನ್ನು ನೀವೇ ಆಗಲೇ ತೊಳೆದಿಡಿ, ಸಿಂಕಿನಲ್ಲಿ ಬಿಟ್ಟು ಏಳಬೇಡಿ. ಜರಡಿಯಲ್ಲಿ ಉಳಿದ ಚರಟ ಗುಲಾಬಿ ಕುಂಡಕ್ಕೆ ಒಳ್ಳೆಯದು. ಸಕ್ಕರೆ, ಹಾಲಿನ ಜಿಡ್ಡು ಹೋಗುವಂತೆ ಎರಡು ಸಲ ನೀರಿನಲ್ಲಿ ತೊಳೆದು, ಹಿಂಡಿ ಹಾಕಿ. ಹಾಗೆಯೇ ಹಾಕಿದರೆ ಕುಂಡಕ್ಕೆ ಇರುವೆ ಮುತ್ತುತ್ತವೆ.